ಮುನಿಶಾಮಿ ನಿಲ್ಲಿಸಿದ ಕಲ್ಲುಗಳು

ಮುನಿಶಾಮಿ ಯಾರ ತೋಟ ಮಾಡಿಕೊಟ್ಟರೂ ಒಂದು ಮೂಲೆಯಲ್ಲಿ ಎರಡು ಕಲ್ಲುಕಂಬ ನೆಟ್ಟು ಅವುಗಳ ಮೇಲೆ ಒಂದು ಚಪ್ಪಡಿ ಅಡ್ಡ ಇಡದೆ ಬಿಟ್ಟವನಲ್ಲ. ಯಜಮಾನರು ಕೇಳಿರಲಿ ಬಿಡಲಿ, ಅದು ಅಲ್ಲಿ ಇರಲೇಬೇಕು. ಬಾಗಿಲು ಅಂದುಕೊಂಡು ನುಗ್ಗಿದರೆ ಹಣೆ ಬಡಿಯುತ್ತದೆ. ಬೆಂಚು ಅಂದುಕೊಂಡರೆ ಹತ್ತಿ ಕೂರಲು ಏಣಿ ಬೇಕು. ಹೆಂಗಸರ ಕತ್ತಿನ ಮಟ್ಟಕ್ಕೆ ಬರುವ ಈ ಮೂರು ಕಲ್ಲಿನಿಂದ ಯಾರಿಗೆ ಏನು ಉಪಯೋಗ ಎಂದು ನಾನು ಎಷ್ಟೋ ಸಲ ಅವನ ಮುಖದ ಮೇಲೇ ಕೇಳಿದ್ದೇನೆ. ಇರಲಿ ಬಿಡಿ ಭಾರತಮ್ಮೋರೆ ಎನ್ನುತ್ತಿದ್ದ, ಅಷ್ಟೇ. ಅವನ ಬಾಯಿಂದ ಮಾತು ಹೊರಡಿಸುವುದಕ್ಕಿಂತ ನಮ್ಮ ಕಡೆಯ ಬೋರ್‌ವೆಲ್‌ನಿಂದ ನೀರು ಹೊರಡಿಸುವುದು ಸುಲಭ.

ನನ್ನದು ಕೋಲಾರದಿಂದ ಮಾಲೂರಿಗೆ ಹೋಗುವ ರಸ್ತೆಯಲ್ಲಿ ಒಂದು ನರ್ಸರಿ. ಗಿಡ, ಹುಲ್ಲುಹಾಸು, ಗೊಬ್ಬರ ನನ್ನ ಪಾಲಿಗೆ. ಕಲ್ಲು, ಇಟ್ಟಿಗೆ, ನೀರಿನ ಕೆಲಸ ಅವನ ಪಾಲಿಗೆ. ಹೀಗೆ ಬಹಳ ವರ್ಷ ಜೊತೆಯಲ್ಲಿ ದುಡಿದಿದ್ದೇವೆ. ಮಾವಿನ ತೋಪು ಕೊಂಡು ಫಾರ್ಮ್‌ಹೌಸ್ ಕಟ್ಟಿಸುವವರಿಗೆ ತೋಟದಲ್ಲಿ ಹೊಸದೇನೂ ಕಾಣಬಾರದು. ನಮ್ಮ ಅತ್ತೆಯಂದಿರು ಯಾವಾಗ ತೊಲಗುತ್ತದೋ ಎಂದು ಕಾಯುತ್ತಿದ್ದ ಒರಳು, ಬೀಸುವ ಕಲ್ಲು, ಹೊಗೆ ಹಿಡಿದ ಬಾಗಿಲು, ಎಲ್ಲವೂ ಈಗ ಅವರಿಗೆ ಬೇಕು. ಮುನಿಶಾಮಿ ಅದನ್ನೆಲ್ಲ ಹುಡುಕಿ ತರುತ್ತಿದ್ದ. ಮಾಲೂರಿನ ಮುಚ್ಚಿಹೋದ ಹೆಂಚಿನ ಕಾರ್ಖಾನೆಯಿಂದ ಹೆಂಚು, ಬಳ್ಳಿ ಕಿತ್ತ ದ್ರಾಕ್ಷಿ ತೋಟಗಳಿಂದ ಕಲ್ಲುಕಂಬ, ಮುಳಬಾಗಿಲಿನ ಆಚೆ ಬಿದ್ದುಹೋದ ಹಟ್ಟಿಗಳಿಂದ ಚಪ್ಪಡಿ.

ಅವನ ಕೆಲಸ ಚೆನ್ನಾಗಿತ್ತು, ಅದನ್ನು ಇಲ್ಲ ಎನ್ನಲಾರೆ. ದನ ನೀರು ಕುಡಿಯುತ್ತಿದ್ದ ಕಲ್ಲುಬಾನಿಯನ್ನು ಅರ್ಧ ಹೂತು ಅದರಲ್ಲಿ ತಾವರೆ ಬೆಳೆಸುತ್ತಿದ್ದ. ಬೀಸುವ ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿ, ನಡುವಿನ ತೂತಿನಲ್ಲಿ ಪೈಪು ಹಾಯಿಸಿ ನೀರು ಉಕ್ಕಿಸುತ್ತಿದ್ದ. ಡೈರಿಯವರು ಸೊಟ್ಟಗಾಯಿತೆಂದು ಎಸೆದ ಹಾಲಿನ ಕ್ಯಾನುಗಳನ್ನು ಮೆಟ್ಟಿಲ ಪಕ್ಕ ನಿಲ್ಲಿಸಿ ಅದರೊಳಗೆ ಮಲ್ಲಿಗೆ ಬಳ್ಳಿ ಇಡುತ್ತಿದ್ದ. ಒಡೆದ ಹೆಂಚುಗಳನ್ನು ಓರೆಯಾಗಿ ಒಂದಕ್ಕೊಂದು ಒರಗಿಸಿದರೆ ಪಾತಿಗೆ ಅಂಚು. ಸಿಮೆಂಟು ಅವನಿಗೆ ಆಗದು. ಕಲ್ಲಿನ ಮೇಲೆ ಕಲ್ಲು ಕೂರಿಸಿ, ಸಂದಿಗೆ ಚಕ್ಕೆ ಬಡಿದು, ಕಣ್ಣು ಕಿರಿದು ಮಾಡಿ ನೋಡಿ ಹೋಗಿಬಿಡುತ್ತಿದ್ದ. ಕಂಬ ನೆಟ್ಟರೆ ಗುಂಡಿಗೆ ಮಣ್ಣು ಹಾಕಿ, ನೀರು ಬಿಟ್ಟು, ಅದು ಇಳಿದು ಗಟ್ಟಿಯಾಗುವ ತನಕ ಮೇಲೆ ಭಾರ ಹೊರಿಸುತ್ತಿರಲಿಲ್ಲ.

ಆದರೆ ಮನುಷ್ಯನ ರೀತಿಗಳು ವಿಚಿತ್ರ. ಬಿದ್ದ ಮನೆಗೆ ಹೋದರೆ ಜಂತೆ, ಕಂಬ, ಕಿಟಕಿ, ಎಲ್ಲ ಬಿಚ್ಚಿ ತರುವನು, ಹೊಸ್ತಿಲು ಮಾತ್ರ ಮುಟ್ಟುವನಲ್ಲ. ಒಳ್ಳೆಯ ಹೊಸ್ತಿಲು ಸಿಕ್ಕರೆ ಯಜಮಾನರು ಕುಣಿದಾಡುತ್ತಾರೆ ಎಂದು ನಾನು ಬಡಿದುಕೊಂಡರೂ ಕೇಳದೆ, ಮನೆಯಿಲ್ಲದ ಬಯಲಲ್ಲಿ ಹೊಸ್ತಿಲೊಂದನ್ನೇ ಬಿಟ್ಟು ಬರುತ್ತಿದ್ದ. ಹೊತ್ತು ಇಳಿದರೆ ಬಾಗಿಲಿಗೆ ಬೆನ್ನು ಮಾಡಿ ಕೂರುತ್ತಿರಲಿಲ್ಲ. ಕೆಲಸದ ನಡುವೆ ಯಾರೋ ಕರೆದ ಹಾಗೆ ತಟ್ಟನೆ ತಲೆಯೆತ್ತುತ್ತಿದ್ದ. ನಾನೂ ಅತ್ತ ನೋಡುತ್ತಿದ್ದೆ, ಅಲ್ಲಿ ಯಾರೂ ಇರುತ್ತಿರಲಿಲ್ಲ. ಒಂಟಿ ತೋಟದಲ್ಲಿ ಸಂಜೆ ಹೊತ್ತು ಇಂಥವನ ಜೊತೆ ಕೆಲಸ ಮಾಡುವುದೆಂದರೆ ನನ್ನಂಥ ಗಟ್ಟಿಗಿತ್ತಿಗೂ ಮೈ ಜುಮ್ಮೆನ್ನುತ್ತಿತ್ತು.

ನನಗೆ ಸಿಟ್ಟು ಬರುತ್ತಿದ್ದದ್ದು ಇನ್ನೊಂದಕ್ಕೆ. ನಮ್ಮ ಹೆಣ್ಣಾಳುಗಳು ತಲೆಯ ಮೇಲೆ ಮಣ್ಣಿನ ಮಂಕರಿ ಬುಟ್ಟಿ ಹೊತ್ತು ಬಂದು, ಇಳಿಸಲು ಒಂದು ಕೈ ಹಾಕಿ ಎಂದು ಕೂಗಿದರೆ ಸಾಕು, ಮುನಿಶಾಮಿ ಅಲ್ಲಿಂದ ಮಾಯ. ಒಂದು ದಿನ ನನ್ನ ನರ್ಸರಿಯಲ್ಲೇ, ಅನಿತ ಎಂಬ ಹುಡುಗಿ ಗೊಬ್ಬರದ ಮಂಕರಿ ಹೊತ್ತು ಅವನ ಎದುರಿಗೇ ನಿಂತು ಕರೆದಳು. ಅವನ ಮುಖ ಬೂದಿಯಂತಾಯಿತು. ಹಿಂದೆ ಹಿಂದೆ ಸರಿದು, ತಿರುಗಿ, ರಸ್ತೆ ದಾಟಿ ಹೋಗಿಬಿಟ್ಟ. ನಾನು ಓಡಿ ಹೋಗಿ ಮಂಕರಿ ಇಳಿಸಿದೆ, ಆಮೇಲೆ ಅವನನ್ನು ಹಿಡಿದು ಚೆನ್ನಾಗಿ ಬೈದೆ. ನಿನ್ನ ಕೈಗೇನು ರೋಗ ಬಂದಿದೆ ಎಂದೆ. ಅವನು ತನ್ನ ಕೈಗಳನ್ನೇ ನೋಡುತ್ತಾ ನಿಂತ.

"ಏಳಲ್ಲ ಭಾರತಮ್ಮೋರೆ," ಎಂದ.

ಸೊಕ್ಕು ಅಂದುಕೊಂಡೆ. ಆಳುಗಳೂ ಹಾಗೇ ಅಂದುಕೊಂಡರು. ಅವನು ಎರಡು ಆಳಿನ ಚಪ್ಪಡಿ ಎತ್ತುವುದನ್ನು ಕಂಡವರು ಬೇರೇನು ಅಂದುಕೊಳ್ಳಬೇಕು.

ಅವನ ಮನೆ ಕ್ಯಾಲನೂರಿನಲ್ಲಿ. ಮೂಲ ಊರು ಅದಲ್ಲ. ಶ್ರೀನಿವಾಸಪುರ ತಾಲ್ಲೂಕಿನಲ್ಲಿ ರಾಯಲ್ಪಾಡಿನ ಹತ್ತಿರದ ಒಂದು ಸಣ್ಣ ಹಳ್ಳಿ. ಅಲ್ಲಿಂದ ಯಾಕೆ ಬಂದ ಎಂದು ಅವನು ಹೇಳಿರಲಿಲ್ಲ. ಮನೆಯಲ್ಲಿ ಅವನೂ ಅವನ ಅಕ್ಕ ಆಂಜಿನಮ್ಮನೂ ಇಬ್ಬರೇ. ತಾಯಿ ಬೇಗ ಹೋಗಿದ್ದರಿಂದ ಅವನನ್ನು ಸಾಕಿದವಳು ಈ ಅಕ್ಕ. ಅವಳ ಮಗಳು ಗಂಗಾಲಕ್ಷ್ಮಿಯನ್ನೇ ಅವನಿಗೆ ಕೊಟ್ಟಿದ್ದಳು. ನಮ್ಮಲ್ಲಿ ಅಕ್ಕನ ಮಗಳನ್ನು ಕಟ್ಟಿಕೊಳ್ಳುವುದು ಹೊಸದೇನಲ್ಲ. ಆ ಹುಡುಗಿ ಮದುವೆಯಾದ ಎರಡನೇ ವರ್ಷವೇ ಸತ್ತಳು ಎಂಬುದು ನನಗೆ ಗೊತ್ತಿತ್ತು, ಹೇಗೆ ಎಂಬುದು ಗೊತ್ತಿರಲಿಲ್ಲ. ಅವನು ಮತ್ತೆ ಮದುವೆಯಾಗಲಿಲ್ಲ. ಅಕ್ಕ ತಮ್ಮ, ಅತ್ತೆ ಅಳಿಯ, ಏನು ಬೇಕಾದರೂ ಕರೆಯಿರಿ, ಒಬ್ಬರಿಗೊಬ್ಬರು ಆಸರೆಯಾಗಿ ಇಪ್ಪತ್ತು ವರ್ಷದ ಮೇಲೆ ಒಂದೇ ಒಲೆಯಲ್ಲಿ ಉಂಡವರು.

ಸಾಮಾನು ಇಳಿಸಲು ನನ್ನ ಟೆಂಪೋದಲ್ಲಿ ಅವನ ಮನೆಗೆ ಹೋದಾಗಲೆಲ್ಲ ಆಂಜಿನಮ್ಮ ಜಗಲಿಯ ಮೇಲೇ ಇರುತ್ತಿದ್ದಳು. ಮನೆಯ ಬಾಗಿಲು ಯಾವಾಗಲೂ ತೆರೆದೇ ಇರುತ್ತಿತ್ತು, ಚಳಿಗಾಲದಲ್ಲೂ. ಮುನಿಶಾಮಿ ಅಂಗಳಕ್ಕೆ ಕಾಲಿಡುತ್ತಲೇ ಅವಳದು ಒಂದೇ ಪ್ರಶ್ನೆ. ಊಟ ಆಯಿತಾ ಎಂದಲ್ಲ, ಯಾಕೆ ತಡ ಎಂದಲ್ಲ.

"ಯಾರಾದ್ರೂ ಇಳಿಸಿದ್ರೇನೋ?"

"ಇಲ್ಲಕ್ಕ," ಎಂದು ಅವನು ಕಾಲು ತೊಳೆಯಲು ಹೋಗುತ್ತಿದ್ದ. ಅವಳು ಸೆರಗು ಹೊದ್ದು ರಸ್ತೆಯ ಕಡೆ ತಿರುಗುತ್ತಿದ್ದಳು. ಏನನ್ನು ಇಳಿಸುವುದು, ಯಾರು ಇಳಿಸುವುದು ಎಂದು ನಾನು ಒಮ್ಮೆ ಕೇಳಿದ್ದಕ್ಕೆ ಇಬ್ಬರೂ ಕಿವಿ ಕೇಳದವರಂತೆ ಸುಮ್ಮನಾದರು. ನನಗೆ ಬಹಳ ಬೇಜಾರಾಯಿತು. ಅವರ ಮನೆಯ ಕಾಫಿ ಕುಡಿಯದೆ ಎದ್ದು ಬಂದೆ.

ಗೊತ್ತಾದದ್ದು ಹೋದ ವರ್ಷ, ಮುಳಬಾಗಿಲಿನಿಂದ ಬರುವಾಗ. ಹಳೆಯ ಒಳದಾರಿಯಲ್ಲಿ ನನ್ನ ಟೆಂಪೋದ ಚಕ್ರ ಪಂಕ್ಚರಾಯಿತು. ಡ್ರೈವರ್ ಕದಿರೇಶ್ ಚಕ್ರ ಬಿಚ್ಚಿಕೊಂಡು ಯಾರದೋ ಬೈಕಿನಲ್ಲಿ ಹೋದ. ನಾನೂ ಮುನಿಶಾಮಿಯೂ ಹುಣಸೆಮರದ ಕೆಳಗೆ ಕೂತೆವು. ಎದುರಿಗೆ ಜಾಲಿ ಪೊದೆಯೊಳಗೆ ಎರಡು ಕಂಬ, ಒಂದು ಚಪ್ಪಡಿ ಕಂಡವು. ಥೇಟು ಅವನು ಕಟ್ಟುವಂಥದ್ದೇ, ಅದೇ ಎತ್ತರ. ನೋಡಪ್ಪ, ನಿನಗಿಂತ ಮುಂಚೆ ಇಲ್ಲೊಬ್ಬ ನಿನ್ನಂಥ ಹುಚ್ಚ ಇದ್ದ ಎಂದು ನಾನು ನಕ್ಕೆ.

ಅವನು ನಗಲಿಲ್ಲ. "ಅದು ಹೊರೆಗಲ್ಲು," ಎಂದ.

ಹೆಸರು ಕೇಳಿದ ಮೇಲೆ ನನಗೂ ನೆನಪಾಯಿತು. ಜನ ತಲೆಯ ಮೇಲೆ ಹೊರೆ ಹೊತ್ತು ನಡೆಯುತ್ತಿದ್ದ ಕಾಲದಲ್ಲಿ ದಾರಿಯ ಪಕ್ಕ ಇಂಥ ಕಲ್ಲು ನಿಲ್ಲಿಸುತ್ತಿದ್ದರು. ಒಂಟಿಯಾಗಿ ಬಂದವರಿಗೆ ಹೊರೆ ಇಳಿಸಿಕೊಳ್ಳಲು ಇನ್ನೊಂದು ಕೈ ಸಿಗುವುದಿಲ್ಲವಲ್ಲ, ಅಂಥವರು ಕತ್ತಿನ ಮಟ್ಟದ ಚಪ್ಪಡಿಗೆ ಹೊರೆಯನ್ನು ಜಾರಿಸಿ, ಸುಧಾರಿಸಿಕೊಂಡು, ಮತ್ತೆ ಯಾರ ಸಹಾಯವೂ ಇಲ್ಲದೆ ಹೊತ್ತು ಹೋಗಬಹುದು. ಆದರೆ ಅದನ್ನು ಯಾರ ಹೆಸರಲ್ಲಿ ನಿಲ್ಲಿಸುತ್ತಾರೆ ಎಂಬುದನ್ನು ನಾನು ಮರೆತೇಬಿಟ್ಟಿದ್ದೆ. ಹೆರದೆ ಸತ್ತ ಬಸುರಿಯರ ಹೆಸರಲ್ಲಿ. ಹೊಟ್ಟೆಯ ಭಾರ ಇಳಿಸದೆ ಹೋದವಳು ಅದನ್ನು ಹೊತ್ತುಕೊಂಡೇ ನಿಂತಿರುತ್ತಾಳೆ, ದಾರಿಹೋಕರು ಅವಳ ಕಲ್ಲಿನ ಮೇಲೆ ತಮ್ಮ ಹೊರೆ ಇಳಿಸಿದರೆ ಅವಳದೂ ಇಳಿಯುತ್ತದೆ ಎಂದು ನಂಬಿಕೆ.

ಅವತ್ತು ಮುನಿಶಾಮಿ ಮಾತಾಡಿದ. ಇಷ್ಟು ವರ್ಷದಲ್ಲಿ ಆಡದಿದ್ದಷ್ಟು ಮಾತು. ಗಂಗಾಲಕ್ಷ್ಮಿ ತುಂಬು ತಿಂಗಳ ಬಸುರಿ. ಮನೆಯಲ್ಲಿ ರೇಷ್ಮೆಹುಳು ಗೂಡು ಕಟ್ಟುವ ಮುಂಚಿನ ಹಸಿವಿನಲ್ಲಿತ್ತು, ಎಷ್ಟು ಸೊಪ್ಪು ಹಾಕಿದರೂ ಸಾಲದು. ಬೆಳಿಗ್ಗೆ ಗಂಡ ಹೆಂಡತಿಗೆ ಯಾವುದೋ ಸಣ್ಣ ಮಾತಿಗೆ ಜಗಳ; ನಾಲ್ಕು ಜನರ ಎದುರಿಗೆ ಅವಳು ಅವನನ್ನು ಸೋಮಾರಿ ಎಂದಿದ್ದಳಂತೆ. ಅವನು ಮುನಿಸಿಕೊಂಡು ಮನೆಯೊಳಗೆ ಹುಳು ಸಾಕುವ ಕಡೆಯೇ ಕೂತ, ಸೊಪ್ಪಿಗೆ ಹೋಗಲಿಲ್ಲ. ಅವಳೇ ಹೋದಳು. ಹಿಪ್ಪುನೇರಳೆ ಸೊಪ್ಪು ಕೊಯ್ದು, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ, ದಾರಿಯಲ್ಲಿ ಯಾರಿಂದಲೋ ತಲೆಗೆ ಎತ್ತಿಸಿಕೊಂಡು ಮನೆಗೆ ಬಂದಳು. ಬಾಗಿಲು ತಗ್ಗು. ತಲೆಯ ಮೇಲೆ ಗಂಟು ಇಟ್ಟುಕೊಂಡು ಒಳಗೆ ಬರಲಾಗದು. ಹೊಸ್ತಿಲ ಆಚೆ ನಿಂತು, ಒಂದು ಕೈ ಹಾಕು ಬಾ ಎಂದು ಕರೆದಳು.

"ಕೇಳಿಸ್ತು ಭಾರತಮ್ಮೋರೆ," ಎಂದ ಮುನಿಶಾಮಿ. "ಚೆನ್ನಾಗಿ ಕೇಳಿಸ್ತು. ಎರಡನೇ ಸಲಾನೂ ಕರೆದ್ಲು. ಏಳೋಣ ಅಂತ್ಲೇ ಇದ್ದೆ. ಇನ್ನೊಂದ್ ಸಲ ಕರೀಲಿ ಅಂತ ಕೂತೆ. ಮೂರನೇ ಸಲ ಅವಳು ಕರೀಲಿಲ್ಲ."

ಗಂಟನ್ನು ತಾನೇ ಇಳಿಸಲು ಹೋಗಿ ಅವಳು ಹೊಸ್ತಿಲ ಮೇಲೆ ಬಿದ್ದಳು. ಹೊಲದಿಂದ ಓಡಿ ಬಂದ ಆಂಜಿನಮ್ಮ ಮಗಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಟೆಂಪೋದ ಹಿಂದೆ ಕೂತಳು, ಇವನು ಡ್ರೈವರ್ ಪಕ್ಕ ಕೂತ. ಶ್ರೀನಿವಾಸಪುರದ ಆಸ್ಪತ್ರೆ ಮುಟ್ಟುವ ಮುಂಚೆ ಎಲ್ಲ ಮುಗಿದುಹೋಯಿತು. ಹಿರಿಯರು ಮಾಡಬೇಕಾದ್ದನ್ನು ಮಾಡಿ ಮಗುವನ್ನೂ ತಾಯಿಯನ್ನೂ ಬೇರೆ ಬೇರೆ ಹೂತರು. ತಾನು ಒಳಗೇ ಇದ್ದೆ ಎಂದು ಮುನಿಶಾಮಿ ಯಾರಿಗೂ ಹೇಳಲಿಲ್ಲ. ಡೈರಿಯ ಹತ್ತಿರ ಹೋಗಿದ್ದೆ, ಬರುವಷ್ಟರಲ್ಲಿ ಬಿದ್ದಿದ್ದಳು ಎಂದ. ಅಕ್ಕನಿಗೂ ಅದನ್ನೇ ಹೇಳಿದ.

ಅವಳು ಕರೆಯದೇ ಹೋದ ಆ ಮೂರನೇ ಸಲದ ದನಿ ಈಗ ದಿನವೂ ಕೇಳುತ್ತದೆ ಎಂದ. ಸಂಜೆ ಹೊತ್ತು, ಬಾಗಿಲ ಕಡೆಯಿಂದ. ತಿರುಗಿ ನೋಡಿದರೆ ಯಾರೂ ಇರುವುದಿಲ್ಲ. ಯಾರಾದರೂ ಹೆಂಗಸು ನಿಜವಾಗಿಯೇ ಕೈ ಹಾಕು ಎಂದು ಕರೆದರೆ ತೋಳು ಎರಡೂ ಸತ್ತು ನೇತಾಡುತ್ತವೆ. ನಾನು ಅವನನ್ನು ಎಷ್ಟು ಬೈದಿದ್ದೆನೋ ಎಲ್ಲ ನೆನಪಾಯಿತು. ಅದೇ ಹೊತ್ತಿಗೆ ಅವನ ಮೇಲೆ ಕೋಪವೂ ಬಂತು. ಎರಡು ಹೆಜ್ಜೆ ನಡೆಯಲು ನಿನಗೇನಾಗಿತ್ತು ಎನ್ನಬೇಕೆನಿಸಿತು.

ಹೊರೆಗಲ್ಲು ನಿಲ್ಲಿಸು ಎಂದವಳು ಆಂಜಿನಮ್ಮ. ಅವಳ ಕನಸಿನಲ್ಲಿ ಮಗಳು ಸೊಪ್ಪಿನ ಗಂಟನ್ನೂ ಹೊಟ್ಟೆಯನ್ನೂ ಹೊತ್ತು ಹೊಸ್ತಿಲ ಆಚೆ ನಿಂತಿರುತ್ತಿದ್ದಳಂತೆ. ಮುನಿಶಾಮಿ ತಮ್ಮ ಮನೆಯನ್ನೇ ಬಿಚ್ಚಿ, ಅದರ ಕಲ್ಲಿನಿಂದಲೇ ಕೆರೆಯ ದಾರಿಯಲ್ಲಿ ಕಲ್ಲು ನಿಲ್ಲಿಸಿದ. ಆದರೆ ಯಾರು ಹೊರೆ ಹೊರುತ್ತಾರೆ. ಸೊಪ್ಪು, ಹುಲ್ಲು, ಹಾಲು, ಟೊಮ್ಯಾಟೊ ಎಲ್ಲ ಗಾಡಿಯ ಮೇಲೆ ಹೋಗುತ್ತವೆ. ವರ್ಷಗಟ್ಟಲೆ ಕಾದರೂ ಒಬ್ಬರೂ ಅದರ ಮೇಲೆ ಏನನ್ನೂ ಇಳಿಸಲಿಲ್ಲ. ಆಮೇಲೆ ದಾರಿ ಅಗಲ ಮಾಡುವಾಗ ಜೆಸಿಬಿ ಅದನ್ನು ಉರುಳಿಸಿತು. ಅವನು ಆ ಕಲ್ಲುಗಳನ್ನೂ ಮನೆಯ ಉಳಿದ ಕಲ್ಲುಗಳನ್ನೂ ಟ್ರ್ಯಾಕ್ಟರಿಗೆ ಹಾಕಿಕೊಂಡು, ಅಕ್ಕನನ್ನೂ ಕರೆದುಕೊಂಡು ಕ್ಯಾಲನೂರಿಗೆ ಬಂದ.

ತೋಟದ ಕೆಲಸ ಹಿಡಿದದ್ದು ಆಗ. ಈ ಕಾಲದಲ್ಲಿ ಹೆಂಗಸರು ಇನ್ನೂ ತಲೆಯ ಮೇಲೆ ಭಾರ ಹೊರುವ ಜಾಗ ಎಂದರೆ ಹೊಸದಾಗಿ ತೋಟ ಮಾಡುವ ಜಾಗ ಎಂದು ಅವನು ಕಂಡುಕೊಂಡಿದ್ದ. ಕೆಮ್ಮಣ್ಣು, ಗೊಬ್ಬರ, ಹುಲ್ಲಿನ ಹೆಂಟೆ ಎಲ್ಲ ಮಂಕರಿಯಲ್ಲೇ ಸಾಗುತ್ತಿತ್ತಲ್ಲ. ಒಂದೊಂದು ತೋಟದಲ್ಲೂ ಹೆಂಡತಿಯ ಹೆಸರಲ್ಲಿ ಮೂರು ಕಲ್ಲು ನಿಲ್ಲಿಸುತ್ತಾ ಹೋದ, ಪ್ರತಿಯೊಂದರಲ್ಲೂ ಆ ಹಳೆಯ ಮನೆಯ ಕಲ್ಲು ಒಂದಾದರೂ ಇರುವಂತೆ. ಯಜಮಾನರು ಅದಕ್ಕೆ ಉಯ್ಯಾಲೆ ಕಟ್ಟಿದರು, ದೀಪದ ಸರ ಬಿಟ್ಟರು, ಬಳ್ಳಿ ಹಬ್ಬಿಸಿದರು, ಕೂಸುಗಳನ್ನು ಮೇಲೆ ಕೂರಿಸಿ ಫೋಟೋ ತೆಗೆದರು. ಮಂಕರಿ ಇಡಲು ಹೋದವರನ್ನು ಮೇಸ್ತ್ರಿಗಳು ಗದರಿ ಓಡಿಸಿದರು. ಬರುಬರುತ್ತಾ ಮಂಕರಿಯ ಬದಲು ತಳ್ಳುಗಾಡಿ ಬಂತು.

ಯಾರಿಗಾದರೂ ಹೇಳಿ ಇಡಿಸಬಹುದಿತ್ತಲ್ಲ ಎಂದೆ. ನಾನೇ ಈಗ ಹೊತ್ತು ತಂದು ಇಳಿಸುತ್ತೇನೆ, ಹೇಳು, ಯಾವ ತೋಟಕ್ಕೆ ಬರಲಿ ಎಂದೆ. ಮುನಿಶಾಮಿ ತಲೆಯಾಡಿಸಿದ. ಹೇಳಿ ಇಡಿಸಿದ್ದು ಸಲ್ಲದು, ಮನೆಯವರು ಇಟ್ಟದ್ದೂ ಸಲ್ಲದು ಎಂದು ಅಕ್ಕ ಮೊದಲೇ ಹೇಳಿದ್ದಳು. ಏನೂ ತಿಳಿಯದವರು, ದಣಿದು, ತಾವಾಗಿ ಇಳಿಸಬೇಕು. ನಿಮಗೆ ಈಗ ತಿಳಿದುಹೋಯಿತು, ಇನ್ನು ನಿಮ್ಮಿಂದ ಆಗದು, ಬೇರೆಯವರಿಗೆ ಬಾಯಿ ಬಿಡಬೇಡಿ ಎಂದ. ಕದಿರೇಶ್ ಚಕ್ರ ಉರುಳಿಸಿಕೊಂಡು ಬರುವ ತನಕ ನಾವಿಬ್ಬರೂ ಆ ಪೊದೆಯ ಕಡೆಗೇ ನೋಡುತ್ತಾ ಕೂತಿದ್ದೆವು. ಯಾವ ಮನೆಯ ಹೆಣ್ಣೋ ಏನೋ, ಅವಳದಾದರೂ ಇಳಿದಿತ್ತೋ ಇಲ್ಲವೋ.

ಅಲ್ಲಿಂದ ಮುಂದೆ ನನ್ನ ಕಥೆ ಕೇಳಬೇಡಿ. ಯಾವ ತೋಟಕ್ಕೆ ಹೋದರೂ ಮೊದಲು ನನ್ನ ಕಣ್ಣು ಆ ಮೂರು ಕಲ್ಲಿನ ಮೇಲೆ. ಯಾರಾದರೂ ಹೆಂಗಸು ತಲೆಯ ಮೇಲೆ ಏನಾದರೂ ಇಟ್ಟುಕೊಂಡು ಅದರ ಹತ್ತಿರ ಹಾದುಹೋದರೆ, ಇಳಿಸು ತಾಯಿ, ಇಳಿಸು ಎಂದು ಒಳಗೇ ಬೇಡಿಕೊಳ್ಳುತ್ತಿದ್ದೆ. ಅವಳು ದಾಟಿ ಹೋದರೆ ಅವಳಿಗೇ ಬೈಗುಳ. ಹೊತ್ತು ಮುಳುಗುವಾಗ ಯಾರೂ ಕರೆಯದಿದ್ದರೂ ನಾನೂ ತಿರುಗಿ ನೋಡಲು ಶುರುಮಾಡಿದೆ.

ಈ ಸಲದ ಅವರೆಕಾಯಿ ಕಾಲಕ್ಕೆ ಲಕ್ಕೂರಿನ ಹತ್ತಿರ ಒಂದು ಕೆಲಸ ಸಿಕ್ಕಿತು. ಇಳಿಜಾರು ಜಾಗ, ಪಾತಿಗಳ ನಡುವಿನ ದಾರಿ ಇಕ್ಕಟ್ಟು, ತಳ್ಳುಗಾಡಿ ಹೋಗದು. ಮಣ್ಣೆಲ್ಲ ತಲೆಯ ಮೇಲೇ ಸಾಗಬೇಕು. ಇದನ್ನು ನೋಡಿದ್ದೇ ಮುನಿಶಾಮಿಯ ಕಣ್ಣಲ್ಲಿ ಒಂದು ಬೆಳಕು ಬಂತು. ಇಳಿಜಾರಿನ ಅರ್ಧಕ್ಕೆ, ಯಾರಿಗಾದರೂ ಉಸಿರು ಸಿಕ್ಕಿಹಾಕಿಕೊಳ್ಳುವ ಜಾಗದಲ್ಲೇ ಗುಂಡಿ ತೆಗೆದ. ಹಳೆಯ ಮನೆಯದು ಎಂದು ಅವನ ಹತ್ತಿರ ಉಳಿದಿದ್ದದ್ದು ಒಂದೇ ಕಲ್ಲು, ಬಾಗಿಲ ತಲೆಯ ಮೇಲಿದ್ದ ಚಪ್ಪಡಿ. ಇಷ್ಟು ವರ್ಷ ಅದನ್ನು ಯಾರಿಗೂ ಕೊಡದೆ ಇಟ್ಟುಕೊಂಡಿದ್ದ. ಇದಾದ ಮೇಲೆ ಕಲ್ಲು ಇಲ್ಲ. ಅಕ್ಕನೂ ಆ ಚಳಿಗಾಲದಲ್ಲಿ ಬಹಳ ಇಳಿದುಹೋಗಿದ್ದಳು, ಗೋಡೆ ಹಿಡಿದು ಜಗಲಿಗೆ ಬರುವಷ್ಟೇ ಶಕ್ತಿ. ಅವಳು ಕಣ್ಣು ಮುಚ್ಚುವ ಮುಂಚೆ ಒಂದೇ ಒಂದು ಸಲ ಹೌದಕ್ಕ, ಇಳಿಸಿದರು ಎನ್ನಬೇಕು, ಅದಕ್ಕೆ ಇನ್ನೊಂದು ಸುಳ್ಳು ಹೇಳಲು ತನ್ನಿಂದ ಆಗದು ಎಂದು ಅವನು ನನಗೆ ಹೇಳಿದ.

ಕಂಬ ನೆಟ್ಟು ನೀರು ಬಿಟ್ಟಿದ್ದ, ಮಣ್ಣು ಇನ್ನೂ ಇಳಿದಿರಲಿಲ್ಲ. ಅಷ್ಟರಲ್ಲಿ ಯಜಮಾನರ ಮಗ ಚೈತನ್ಯ ಬಂದು ಅವಸರ ಮಾಡಿದ. ಮಾರನೇ ದಿನ ನೆಂಟರು ಬರುತ್ತಾರೆ, ಚಪ್ಪಡಿ ಇಡದಿದ್ದರೆ ಚೆನ್ನಾಗಿ ಕಾಣುವುದಿಲ್ಲ, ಇಟ್ಟುಬಿಡಿ ಎಂದ. ಒಳ್ಳೆಯ ಹುಡುಗನೇ, ಆದರೆ ಹೇಳಿದ್ದು ಆಗಲೇಬೇಕು. ಬೇರೆ ಸಮಯವಾಗಿದ್ದರೆ ಮುನಿಶಾಮಿ ಒಪ್ಪುತ್ತಿರಲಿಲ್ಲ. ಅವನಿಗೂ ಒಳಗೆ ಅವಸರವಿತ್ತು. ಚಪ್ಪಡಿ ಏರಿಸಿ, ಚಕ್ಕೆ ಬಡಿದು, ಕೆಳಗಿನ ಕೊಳದ ಹತ್ತಿರ ಬಂದು ಕಲ್ಲುಬಾನಿಯ ಕೆಲಸಕ್ಕೆ ಕೂತ. ನಾನು ಅಲ್ಲೇ ಕಮಲದ ಗೆಡ್ಡೆ ತೊಳೆಯುತ್ತಿದ್ದೆ.

ಮಧ್ಯಾಹ್ನ ಇಳಿದಿತ್ತು. ಆಳುಗಳೆಲ್ಲ ಟೀ ಕುಡಿಯಲು ಹೋಗಿದ್ದರು. ಅನಿತ ಒಬ್ಬಳು ಕೊನೆಯ ಮಂಕರಿ ಹೊತ್ತು ಇಳಿಜಾರಿನಲ್ಲಿ ಬರುತ್ತಿದ್ದಳು. ಅವಳಿಗೆ ಆಗ ಏಳು ತಿಂಗಳು. ಮಣ್ಣು ಹೊರಬೇಡ, ಸಸಿ ನೆಡು ಎಂದು ನಾನು ಬೆಳಿಗ್ಗೆಯೇ ಹೇಳಿದ್ದೆ. ನನ್ನ ಮಾತು ಯಾರು ಕೇಳುತ್ತಾರೆ. ಅರ್ಧ ದಾರಿಗೆ ಬಂದು ನಿಂತಳು. ಅತ್ತ ಇತ್ತ ನೋಡಿದಳು, ಇಳಿಸಲು ಹತ್ತಿರ ಯಾರೂ ಇರಲಿಲ್ಲ. ಆಮೇಲೆ ಅವಳ ಕಣ್ಣು ಕಲ್ಲಿನ ಮೇಲೆ ಬಿತ್ತು. ಯಾರೂ ಕಲಿಸಿಕೊಡಬೇಕಾಗಿರಲಿಲ್ಲ. ಹತ್ತಿರ ಹೋಗಿ, ಮೊಣಕಾಲು ಸ್ವಲ್ಪ ಬಗ್ಗಿಸಿ, ಮಂಕರಿಯ ಅಂಚನ್ನು ಚಪ್ಪಡಿಗೆ ತಾಗಿಸಲು ಕತ್ತು ಓರೆ ಮಾಡಿದಳು.

ನನ್ನ ಕೈಯಲ್ಲಿದ್ದ ಗೆಡ್ಡೆ ನೀರಿಗೆ ಬಿತ್ತು. ಮುನಿಶಾಮಿ ಎದ್ದು ನಿಂತಿದ್ದ. ಬಾಯಿ ಅರ್ಧ ತೆರೆದಿತ್ತು. ಇಪ್ಪತ್ತು ವರ್ಷ ಕಾದದ್ದು ಅವನ ಕಣ್ಣೆದುರಿಗೆ ಇನ್ನೇನು ಆಗಿಯೇ ಹೋಗುತ್ತಿತ್ತು.

ಎಡಗಡೆಯ ಕಂಬದ ಸಂದಿಯಿಂದ ಒಂದು ಚಕ್ಕೆ ಉದುರಿತು. ಸಣ್ಣದು, ನಾನಾಗಿದ್ದರೆ ಗಮನಿಸುತ್ತಲೇ ಇರಲಿಲ್ಲ. ಕಂಬ ಕೂದಲೆಳೆಯಷ್ಟು ಓಲಿತು ಎಂದು ಅವನು ಆಮೇಲೆ ಹೇಳಿದ. ಅವನು ಕೂಗಲಿಲ್ಲ. ಪಾತಿಗಳನ್ನು ತುಳಿದುಕೊಂಡು, ನಾನು ಬೆಳಿಗ್ಗೆ ನೆಟ್ಟ ಸಸಿಗಳ ಮೇಲೆಯೇ ಓಡಿದ. ಮಂಕರಿ ಕಲ್ಲಿಗೆ ತಾಗುವ ಮುಂಚೆ ಎರಡೂ ಕೈ ಅದರ ಕೆಳಗೆ ಕೊಟ್ಟು ಅವಳ ತಲೆಯಿಂದ ಎತ್ತಿಕೊಂಡ. ಅನಿತ ಹೆದರಿ ಹಿಂದಕ್ಕೆ ಸರಿದಳು.

ಅವನು ಮಂಕರಿ ಹಿಡಿದುಕೊಂಡೇ ನಿಂತ. ಕೆಳಗಿಡಲಿಲ್ಲ, ಕಲ್ಲಿನ ಮೇಲೂ ಇಡಲಿಲ್ಲ. ಮಂಕರಿ ಓರೆಯಾಗಿ ಮಣ್ಣು ಅವನ ಎದೆಯ ಮೇಲೆ ಚೆಲ್ಲುತ್ತಿತ್ತು. ಕೆಳಗಿಡಿ ಅಣ್ಣ ಎಂದು ಅನಿತ ಎರಡು ಮೂರು ಸಲ ಹೇಳಿದ ಮೇಲೆ ನೆಲಕ್ಕೆ ಇಟ್ಟ. ನಾನು ಹೋಗಿ ಚಪ್ಪಡಿಯನ್ನು ಎರಡೂ ಕೈಯಿಂದ ಒತ್ತಿ ನೋಡಿದೆ. ಒಂದಿಷ್ಟು ಅಲುಗಾಡಿ ನಿಂತುಕೊಂಡಿತು. ತಡೆಯುತ್ತಿತ್ತೋ, ಅವಳ ಹೊಟ್ಟೆಯ ಮೇಲೇ ಬೀಳುತ್ತಿತ್ತೋ, ಇವತ್ತಿಗೂ ನನಗೆ ಹೇಳಲು ಬಾರದು.

ಸಂಜೆ ಅವನನ್ನು ನಾನೇ ಕ್ಯಾಲನೂರಿಗೆ ಬಿಟ್ಟೆ. ದಾರಿಯುದ್ದಕ್ಕೂ ಅವನು ಕೈಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಅವು ಬೇರೆ ಯಾರದೋ ಎಂಬಂತೆ ಕೂತಿದ್ದ. ಇನ್ನು ಕಲ್ಲು ಇಲ್ಲ, ಅಕ್ಕನಿಗೆ ಏನು ಹೇಳಲಿ ಎಂದು ಒಮ್ಮೆ ಕೇಳಿದ. ಆದದ್ದನ್ನು ಹೇಳು ಎಂದೆ.

ಆಂಜಿನಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಟೆಂಪೋ ನಿಂತ ಸದ್ದಿಗೆ ತಲೆಯೆತ್ತಿ ಎಂದಿನಂತೆ ಕೇಳಿದಳು, ಯಾರಾದರೂ ಇಳಿಸಿದರೇನೋ ಎಂದು.

"ಕಲ್ಲಿನ ಮೇಲೆ ಇಳಿಸ್ಲಿಲ್ಲ ಅಕ್ಕ," ಎಂದ ಮುನಿಶಾಮಿ. "ಬಸುರಿ ಹೆಂಗಸು. ಒಬ್ಳೇ ಬಂದ್ಲು. ಕಲ್ಲು ಓಲಾಡ್ತು. ನಾನೇ ಹೋಗಿ ಕೈ ಹಾಕ್ದೆ."

ಆಂಜಿನಮ್ಮ ಸುಲಿಯುವುದನ್ನು ನಿಲ್ಲಿಸಿದಳು. ಅವನ ಮುಖ ನೋಡಲಿಲ್ಲ, ಕೈಗಳನ್ನು ನೋಡಿದಳು. ಕೆಮ್ಮಣ್ಣು ಇನ್ನೂ ಮೊಣಕೈ ತನಕ ಅಂಟಿತ್ತು.

"ಅವತ್ತೂ ಇವೇ ಕೈ ಇದ್ವಲ್ಲೋ, ಮುನಿ," ಎಂದಳು.

ನನಗೆ ಅಲ್ಲಿಂದ ಹೊರಟುಬಿಡಬೇಕೆನಿಸಿತು. ಮುನಿಶಾಮಿ ಅಂಗಳದಲ್ಲೇ ಕುಸಿದು ಕೂತ. ಅವಳ ದನಿಯಲ್ಲಿ ಕೋಪವಿರಲಿಲ್ಲ, ಅದೇ ನನಗೆ ಭಯ ಹುಟ್ಟಿಸಿದ್ದು. ಅವತ್ತು ಆಸ್ಪತ್ರೆಗೆ ಹೋಗುವಾಗ ಟೆಂಪೋದಲ್ಲೇ ಗಂಗ ಹೇಳಿದ್ದಳಂತೆ, ಮಾವ ಒಳಗೇ ಇದ್ದ, ಕರೆದೆ, ಬರಲಿಲ್ಲ ಎಂದು. ಅವಳ ಕೊನೆಯ ಮಾತು ಅದು. ಅದನ್ನು ಎದೆಯಲ್ಲಿ ಇಟ್ಟುಕೊಂಡೇ ಆಂಜಿನಮ್ಮ ಅವನಿಗೆ ಇಷ್ಟು ವರ್ಷ ಮುದ್ದೆ ತಿರುವಿ ಹಾಕಿದ್ದಳು, ಜ್ವರ ಬಂದರೆ ಹಣೆಗೆ ಬಟ್ಟೆ ಹಾಕಿದ್ದಳು.

"ನಿನ್ ಬಾಯಿಂದ ಬರ್ಲಿ ಅಂತ ದಿನಾ ಕೇಳ್ತಿದ್ದೆ ಕಣೋ," ಎಂದಳು. "ಕಲ್ಲಿಂದು ನನಗ್ಯಾಕೆ. ನೀನು ಇಳಿಸ್ತೀಯೇನೋ ಅಂತ ಕಾದೆ."

ಆಮೇಲೆ ಅವಳು ಸುಲಿದ ಕಾಳನ್ನು ಸೆರಗಿಗೆ ಬಾಚಿಕೊಂಡು, ಗೋಡೆ ಹಿಡಿದು, ಒಲೆ ಹಚ್ಚಲು ಒಳಗೆ ಹೋದಳು. ಅವನು ಹೊಸ್ತಿಲ ಆಚೆಯೇ ಬಹಳ ಹೊತ್ತು ಕೂತಿದ್ದ. ನಾನು ಹೇಳದೆ ಬಂದುಬಿಟ್ಟೆ.

ಆಂಜಿನಮ್ಮ ಇನ್ನೂ ಇದ್ದಾಳೆ. ಮುನಿಶಾಮಿ ತೋಟದ ಕೆಲಸಕ್ಕೆ ಈಗಲೂ ಬರುತ್ತಾನೆ, ಮೂರು ಕಲ್ಲು ನಿಲ್ಲಿಸುವುದನ್ನು ಬಿಟ್ಟಿದ್ದಾನೆ. ಹೆಂಗಸರು ಕರೆದರೆ ಹೋಗಿ ಕೈ ಹಾಕುತ್ತಾನೆ. ಮೊನ್ನೆ ನನ್ನ ನರ್ಸರಿಯಲ್ಲಿ ಟೀ ಕುಡಿಯುತ್ತಾ, ಆ ಕೂಗು ಈಗ ಕೇಳುವುದಿಲ್ಲ, ಸಂಜೆ ಹೊತ್ತು ಕಿವಿ ಖಾಲಿ ಎಂದ. ನನಗೆ ಸಮಾಧಾನವಾಯಿತು. ಅಕ್ಕ ಹೇಗಿದ್ದಾಳೆ ಎಂದು ವಿಚಾರಿಸಿದೆ. ಚೆನ್ನಾಗಿದ್ದಾಳೆ, ತಾನು ಮನೆಗೆ ಹೋದರೆ ಮುದ್ದೆ ಇಡುತ್ತಾಳೆ, ಹೊದಿಕೆ ಕೊಡುತ್ತಾಳೆ ಎಂದ. ಲೋಟ ಕೆಳಗಿಟ್ಟ.

"ಅಕ್ಕ ಈಗ ಏನೂ ಕೇಳಲ್ಲ ಭಾರತಮ್ಮೋರೆ," ಎಂದ. "ಕೇಳ್ತಿದ್ದಾಗ್ಲೇ ಚೆನ್ನಾಗಿತ್ತು."